ಗಪ್ಪಿ ಜೊತೆ ಚೆರ್ರಿ ಸೀಗಡಿ: ಮೊಟ್ಟೆ ಕಾಣುತ್ತವೆ, ಮರಿ ಕಾಣಲ್ಲ

ವಿದ್ಯಾನಗರ_ಟ್ಯಾಂಕ್

ನಮಸ್ಕಾರ್ರಿ ಎಲ್ಲರಿಗೂ. ನಾನು ಹುಬ್ಬಳ್ಳಿ ವಿದ್ಯಾನಗರದವ. ಹಾಲ್‌ನಲ್ಲಿ ಟಿವಿ ಪಕ್ಕ ಒಂದು ಟ್ಯಾಂಕ್ ಇದೆ. ಎರಡಡಿ ಉದ್ದ, ಅಗಲ ಎತ್ತರ ಒಂದೊಂದಡಿ. 50 ಲೀಟರ್ ಹತ್ತಿರ ನೀರು ಹಿಡಿಯುತ್ತದೆ. ಹಳೇ ಟ್ಯಾಂಕ್, ಮೀನು ಸಾಯೋದೆಲ್ಲ ನಿಂತು ಬಹಳ ದಿನ ಆಯಿತು. ಹತ್ತು ಗಪ್ಪಿ, ಆರು ನಿಯಾನ್ ಟೆಟ್ರಾ ಇವೆ.

ದೀಪಾವಳಿ ಆದ ಮೇಲೆ ಹದಿನೈದು ಕೆಂಪು ಚೆರ್ರಿ ಸೀಗಡಿ ತಂದು ಬಿಟ್ಟೆ. ಅಂಗಡಿಯವರು "ಗಪ್ಪಿ ಏನೂ ಮಾಡಂಗಿಲ್ಲ, ನೋಡ್ತಾ ನೋಡ್ತಾ ನೂರಾಗ್ತಾವ" ಅಂದಿದ್ದರು. ದೊಡ್ಡವು ಆರಾಮಾಗಿಯೇ ಇವೆ. ಊಟ ಹಾಕಿದರೆ ಮೀನಿನ ನಡುವೆ ನುಗ್ಗಿ, ತಮಗಿಂತ ದಪ್ಪ ಕಾಳು ಎತ್ತಿಕೊಂಡು ಮೂಲೆಗೆ ಓಡುತ್ತವೆ. ಹೆಣ್ಣುಗಳ ಹೊಟ್ಟೆ ಕೆಳಗೆ ಹಳದಿ ಮೊಟ್ಟೆ ಗೊಂಚಲು ಚೆನ್ನಾಗಿ ಕಾಣುತ್ತದೆ. ಮೂರು ನಾಲ್ಕು ವಾರ ಹೊತ್ತು ತಿರುಗುತ್ತವೆ, ಆಮೇಲೆ ಹೊಟ್ಟೆ ಖಾಲಿ. ಆದರೆ ಮರಿ ಅಂತ ಒಂದೂ ಕಣ್ಣಿಗೆ ಬಿದ್ದಿಲ್ಲ. ಪ್ರತಿ ಸಲ ಇದೇ ಕಥೆ.

ಒಳಗೆ ಕಪ್ಪು ಜಲ್ಲಿ, ಎರಡು ಪ್ಲಾಸ್ಟಿಕ್ ಗಿಡ, ಒಂದು ಒಡಕು ಮಡಕೆ. ಹಿಂದೆ ಗಾಜಿಗೆ ತೂಗು ಹಾಕೋ ಫಿಲ್ಟರ್. ನೀರು ಕಾರ್ಪೊರೇಷನ್‌ದು, ದಿನಾ ಬರಲ್ಲ. ನೀಲಿ ಡ್ರಮ್‌ನಲ್ಲಿ ಹಿಡಿದಿಟ್ಟದ್ದನ್ನೇ ಹಾಕ್ತೀನಿ.

ಗಪ್ಪಿ ತೆಗೆದೇಬಿಡಬೇಕಾ? ಇನ್ನೊಂದು ಟ್ಯಾಂಕ್ ಇಡೋಣ ಅಂದರೆ ನಮ್ಮವ್ವ "ಅವಕ್ಕೊಂದು ಇವಕ್ಕೊಂದು ಅಂತ ಮನಿ ತುಂಬ ಗಾಜು ಇಡಬ್ಯಾಡ" ಅಂತ ಮೊದಲೇ ಹೇಳಿಬಿಟ್ಟಿದ್ದಾಳೆ. ಮತ್ತೆ ಒಂದು ವಿಷಯ, ಆಗಾಗ ತಳದಲ್ಲಿ ಬೆಳ್ಳಗೆ ಸೀಗಡಿ ಆಕಾರದ್ದೇ ಏನೋ ಬಿದ್ದಿರುತ್ತದೆ. ಸತ್ತದ್ದು ಅಂತ ಎತ್ತಿ ಬಿಸಾಡ್ತಿದ್ದೀನಿ. ಎಣಿಸಿದರೆ ಸಂಖ್ಯೆ ಕಡಿಮೆ ಆಗಿರಲ್ಲ. ಏನದು?

ಮಾಳಮಡ್ಡಿ_ಅಕ್ಕ

ಬಿಳಿದು ಏನು ಅಂತ ಮೊದಲು ಹೇಳಿಬಿಡ್ತೀನಿ. ಅದು ಪೊರೆ. ಸೀಗಡಿ ಬೆಳೆದಂತೆಲ್ಲ ಮೇಲಿನ ಚಿಪ್ಪು ಕಳಚುತ್ತದೆ. ಮೀಸೆ, ಕಾಲು ಸಮೇತ ಪೂರ್ತಿ ಅಂಗಿ ಬಿಚ್ಚಿಟ್ಟಂಗೆ ಬಿಟ್ಟು ಹೋಗುತ್ತದೆ. ಗಾಜಿನಂತೆ ಪಾರದರ್ಶಕ, ಒಳಗೆ ಏನೂ ಇಲ್ಲ ಅಂದರೆ ಪೊರೆ. ಮೈ ಗಟ್ಟಿಯಾಗಿ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಸತ್ತದ್ದು. ಪೊರೆ ಅಲ್ಲೇ ಬಿಡಿ, ಅವೇ ತಿಂದು ಮುಗಿಸುತ್ತವೆ. ಅದರಲ್ಲಿರೋ ಸುಣ್ಣದಂಶ ಅವಕ್ಕೇ ಬೇಕು.

ಈಗ ಮರಿ ವಿಷಯ. ನಿಮ್ಮ ಅಂಗಡಿಯವರು ಹೇಳಿದ್ದು ಅರ್ಧ ಸತ್ಯ. ಗಪ್ಪಿ ಬಾಯಿಗೆ ದೊಡ್ಡ ಚೆರ್ರಿ ಹಿಡಿಯಲ್ಲ. ಬೆಳೆದ ಹೆಣ್ಣು ಒಂದಿಂಚು ಇರುತ್ತದೆ, ಗಂಡು ಅದಕ್ಕಿಂತ ಸಣ್ಣದು. ಆದರೆ ಮೊಟ್ಟೆಯಿಂದ ಹೊರಗೆ ಬಂದ ಮರಿ ಬರೀ ಎರಡು ಮಿಲಿಮೀಟರ್. ಕೆಲವು ಜಾತಿ ಸೀಗಡಿಗಳ ಮರಿ ಮೊದಲು ಲಾರ್ವಾ ಆಗಿ ನೀರಲ್ಲಿ ತೇಲುತ್ತವೆ. ಅಮಾನೊ ಸೀಗಡಿ ಹಂಗೇ, ಅದರ ಮರಿಗೆ ಉಪ್ಪು ನೀರು ಬೇಕು. ಅದಕ್ಕೇ ಅದು ಮನೆಯ ಟ್ಯಾಂಕಲ್ಲಿ ಸಂತಾನ ಬೆಳೆಸಲ್ಲ. ಚೆರ್ರಿ ಹಂಗಲ್ಲ. ಅಪ್ಪ ಅಮ್ಮನ ಪಡಿಯಚ್ಚಾಗಿಯೇ ಹುಟ್ಟುತ್ತವೆ, ಹುಟ್ಟಿದ ಗಳಿಗೆಯಿಂದ ಕಲ್ಲು ಕೆರೆದು ತಿನ್ನೋಕೆ ಶುರು. ಒಂದು ಸಲಕ್ಕೆ ಇಪ್ಪತ್ತು ಮೂವತ್ತು. ಗಪ್ಪಿ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮರಿಯನ್ನೇ ತಿನ್ನೋ ಪ್ರಾಣಿ, ಸೀಗಡಿ ಮರಿ ಬಿಡುತ್ತದಾ?

ಆದರೂ ಎಲ್ಲಾ ತಪ್ಪು ಗಪ್ಪಿ ತಲೆಗೆ ಕಟ್ಟಬೇಡಿ. ಇವತ್ತೇ ಒಂದು ಕೆಲಸ ಮಾಡಿ. ಫಿಲ್ಟರ್ ಬಂದ್ ಮಾಡಿ, ಬಿಚ್ಚಿ, ಬಿಳಿ ಟಬ್‌ನಲ್ಲಿ ಟ್ಯಾಂಕಿನ ನೀರನ್ನೇ ಹಾಕಿ ಅದರೊಳಗೆ ಸ್ಪಂಜ್ ಮೆತ್ತಗೆ ಅಲ್ಲಾಡಿಸಿ. ನಲ್ಲಿ ಕೆಳಗೆ ಹಿಡಿಯಬೇಡಿ. ಐದು ನಿಮಿಷ ಬಿಟ್ಟು ಕಸ ತಳಕ್ಕೆ ಕೂತ ಮೇಲೆ ಟಾರ್ಚ್ ಬಿಟ್ಟು ನೋಡಿ. ತೂಗು ಹಾಕೋ ಫಿಲ್ಟರಿನ ಕೊಳವೆಗೆ ಜಾಲರಿ ಇದ್ದರೂ ಸಂದು ದೊಡ್ಡವು. ಎರಡು ಮಿಲಿಮೀಟರ್ ಮರಿ ಸೀದಾ ಒಳಗೆ. ಎಷ್ಟೋ ಸಲ ಸಾಯಲ್ಲ, ಒಳಗೇ ಕಸ ತಿಂದುಕೊಂಡು ದೊಡ್ಡದಾಗುತ್ತವೆ. ಮೀನಿಲ್ಲದ ಮನೆ ಸಿಕ್ಕಿದಂಗೆ ಆಯಿತಲ್ಲ ಅವಕ್ಕೆ.

ಆ ಕೊಳವೆ ಬಾಯಿಗೆ ಸ್ಪಂಜ್ ಹಾಕಿ. ಮೀನಿನ ಅಂಗಡಿಯಲ್ಲಿ ತೂತಿರೋ ಉದ್ದುದ್ದ ಸ್ಪಂಜ್ ಸಿಗುತ್ತದೆ. ಪಾತ್ರೆ ತಿಕ್ಕೋದು ಬೇಡ, ಕೆಲವಕ್ಕೆ ಸೋಪು, ಕ್ರಿಮಿನಾಶಕ ಮೊದಲೇ ಹಾಕಿರುತ್ತಾರೆ. ವಾರಕ್ಕೊಮ್ಮೆ ಟ್ಯಾಂಕ್ ನೀರಲ್ಲೇ ಹಿಂಡಬೇಕು, ಇಲ್ಲದಿದ್ದರೆ ಫಿಲ್ಟರ್ ಧಾರೆ ಸಣ್ಣಗಾಗುತ್ತದೆ. ನನ್ನನ್ನು ಕೇಳಿದರೆ ಏರ್ ಪಂಪಿನ ಸ್ಪಂಜ್ ಫಿಲ್ಟರೇ ಒಳ್ಳೇದು. ನೋಡೋಕೆ ಚೆಂದ ಇಲ್ಲ, ಬುಡುಬುಡು ಸದ್ದು ಬೇರೆ. ಆದರೆ ಮರಿಗಳಿಗೆ ಅದೇ ಊಟದ ತಟ್ಟೆ. ದಿನವಿಡೀ ಅದರ ಮೇಲೇ ಕೂತಿರುತ್ತವೆ.

ಇನ್ನು ಅಡಗಲು ಜಾಗ. ಪ್ಲಾಸ್ಟಿಕ್ ಗಿಡದಿಂದ ಏನೂ ಆಗಲ್ಲ. ಮರಿಗೆ ಬೇಕಿರೋದು ಮೀನಿನ ಮೂತಿ ಹೋಗದ ಸಂದು, ಮತ್ತೆ ಆ ಸಂದಿಯಲ್ಲೇ ತಿನ್ನೋಕೆ ಪಾಚಿ, ಲೋಳೆ ಪದರ. ಜಾವಾ ಮಾಸ್ ಅಂತ ನೀರೊಳಗೆ ಬೆಳೆಯೋ ಪಾಚಿಯಂಥ ಗಿಡ ಸಿಗುತ್ತದೆ, ಅದನ್ನ ಒಂದು ಹಿಡಿ ತಂದು ಕಲ್ಲಿಗೋ ಕಟ್ಟಿಗೆಗೋ ದಾರ ಸುತ್ತಿ ಕಟ್ಟಿ. ಬೆಳಕು ಜಾಸ್ತಿ ಬೇಡ, ಗೊಬ್ಬರ ಬೇಡ, ಸುಮ್ನೆ ಬೆಳೆಯುತ್ತದೆ. ಅದು ದಟ್ಟ ಆಗೋವರೆಗೆ ನಾನು ಹಳೇ ಮಂಗಳೂರು ಹಂಚು ಒಡೆದು, ಚೆನ್ನಾಗಿ ತೊಳೆದು, ಒಂದು ಮೂಲೆಯಲ್ಲಿ ಗುಡ್ಡೆ ಹಾಕಿದ್ದೆ. ಬೆರಳಗಲ ಚೂರು, ಒಂದರ ಮೇಲೊಂದು ಅಡ್ಡಾದಿಡ್ಡಿ. ಬಣ್ಣ ಬಳಿದ ಹಂಚು ಬೇಡ. ರಾತ್ರಿ ದೀಪ ಆರಿಸಿ ಟಾರ್ಚ್ ಹಿಡಿದರೆ ಸಂದಿಯಿಂದ ಸಂದಿಗೆ ಹುಡಿ ಹುಡಿ ಮರಿ ಓಡೋದು ಕಾಣುತ್ತದೆ. ಮೀಸೆ ಮಾತ್ರ ಹೊರಗೆ ಚಾಚಿ ಆಡಿಸುತ್ತಿರುತ್ತವೆ.

ಗಪ್ಪಿಯಲ್ಲಿ ಹೆಣ್ಣು ಎಷ್ಟು, ಗಂಡು ಎಷ್ಟು? ಹೆಣ್ಣು ಗಪ್ಪಿ ಗಂಡಿಗಿಂತ ಎಷ್ಟೋ ದೊಡ್ಡದಾಗುತ್ತದೆ, ಬಾಯಿಯೂ ದೊಡ್ಡದು, ಹಸಿವೂ ಜಾಸ್ತಿ. ಬರೀ ಗಂಡು ಇಟ್ಟುಕೊಂಡರೆ ಮೀನೂ ಹೆಚ್ಚಾಗಲ್ಲ, ಸೀಗಡಿ ಮರಿಗೂ ಸ್ವಲ್ಪ ಉಸಿರು. ನಿಯಾನ್ ಅಷ್ಟು ತಂಟೆ ಅಲ್ಲ, ಕಣ್ಣೆದುರು ಬಂದ ಮರಿ ನುಂಗುತ್ತವೆ, ಹುಡುಕಿಕೊಂಡು ಹೋಗಲ್ಲ.

ಇಷ್ಟೆಲ್ಲ ಬರೆದದ್ದಕ್ಕೆ ಇನ್ನೊಂದೇ ಪ್ರಶ್ನೆ. ಟ್ಯಾಂಕ್ ಇರೋ ಹಾಲ್‌ನಲ್ಲಿ ಸೊಳ್ಳೆ ಮಷೀನ್ ಹಾಕ್ತೀರಾ?

ಬೆಟಗೇರಿ_ಬೋರ್‌ವೆಲ್

ಅಕ್ಕಾರ ಮಾತಿಗೆ ಎದುರಾಡ್ತೀನಿ, ಸಿಟ್ಟು ಮಾಡ್ಕೋಬ್ಯಾಡ್ರಿ. ಬಾಯಿಗೆ ಹಿಡಿದದ್ದನ್ನೆಲ್ಲ ತಿನ್ನೋದು ಮೀನಿನ ಧರ್ಮ. ಮಾಸ್ ಇಡಿ, ಹಂಚು ಇಡಿ, ಮರಿ ಒಂದಷ್ಟು ಉಳಿಯಬಹುದು. ಆದರೆ ಸೀಗಡಿ ನಿಜವಾಗಿ ಹೇಗಿರುತ್ತವೆ ಅಂತ ನೋಡಬೇಕಾದರೆ ಮೀನು ಇರಬಾರದು. ಮೀನಿದ್ದಲ್ಲಿ ಅವು ಅರ್ಧ ದಿನ ಅಡಗೇ ಇರುತ್ತವೆ. ಮೀನಿಲ್ಲದ 20 ಲೀಟರ್ ಡಬ್ಬಿಯಲ್ಲಿ ಹಾಡಹಗಲೇ ಗಾಜಿಗೆ ಬಂದು ಕೂರುತ್ತವೆ. ಅವ್ವಾರಿಗೆ ಹೇಳ್ರಿ, ಅದು ಸಣ್ಣ ಡಬ್ಬಿ, ಟಿವಿ ಅಷ್ಟು ಜಾಗ ಏನೂ ಬೇಡ ಅಂತ.

ಒಟ್ಟಿಗೇ ಇಡಬೇಕು ಅಂದರೆ ಮೀನು ನೋಡಿ ಆರಿಸಬೇಕು. ಒಟೊ ಅಂತ ಸಣ್ಣ ಪಾಚಿ ತಿನ್ನೋ ಮೀನು ಇದೆ, ಅದೊಂದನ್ನ ಕಣ್ಣು ಮುಚ್ಚಿ ಇಡಬಹುದು. ಎಂಬರ್ ಟೆಟ್ರಾದಂಥ ಪುಟಾಣಿಗಳು ಪರವಾಗಿಲ್ಲ. ಫೈಟರ್ ಮಾತ್ರ ಜೂಜು. ಒಂದು ತಿರುಗಿ ನೋಡಲ್ಲ, ಇನ್ನೊಂದು ದೊಡ್ಡ ಸೀಗಡಿಯನ್ನೂ ಕಾಲು ಕಿತ್ತು ತಿನ್ನುತ್ತದೆ. ಏಂಜೆಲ್, ಗೋಲ್ಡ್ ಫಿಶ್ ಕೇಳಲೇಬೇಡಿ. ಈಗ ಬಟಾಣಿಯಷ್ಟೇ ಇರೋ ಹಳದಿ ಪಫರ್ ಎಲ್ಲಾ ಕಡೆ ಬರ್ತಿದೆ. ನಮ್ಮ ಪಶ್ಚಿಮ ಘಟ್ಟದ್ದೇ ಮೀನು, ನೋಡೋಕೆ ಗೊಂಬೆ. ಸೀಗಡಿ ಇರೋ ಟ್ಯಾಂಕಿಗೆ ಅದನ್ನ ಬಿಟ್ಟಿರೋ, ಒಂದೊಂದಾಗಿ ಮುಗಿಸುತ್ತದೆ.

ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ನಿಮಗೆ ಮಲಪ್ರಭಾ ನೀರು, ಪುಣ್ಯವಂತರು. ನಮ್ಮ ಬೋರ್ ನೀರಲ್ಲಿ ಬಕೆಟ್ಟಿಗೇ ಬಿಳಿ ಪದರ ಕಟ್ಟುತ್ತದೆ. ಅಷ್ಟು ಗಡಸು ನೀರಲ್ಲಿ ಪೊರೆ ಬಿಚ್ಚೋಕೆ ಆಗದೆ ಸೀಗಡಿ ಸಾಯುತ್ತವೆ. ಕತ್ತಿನ ಹತ್ತಿರ ಬಿಳಿ ಉಂಗುರ ಬಿದ್ದು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ನಾನು ಆರ್‌ಒ ನೀರು ಬೆರೆಸಿ ಟಿಡಿಎಸ್ (ನೀರಲ್ಲಿ ಕರಗಿರೋ ಲವಣದ ಅಳತೆ) 250ಕ್ಕೆ ತಂದು ಹಾಕ್ತೀನಿ. ಬರೀ ಆರ್‌ಒ ನೀರೂ ನಡೆಯಲ್ಲ, ಅದರಲ್ಲಿ ಸುಣ್ಣದಂಶ ಇರಲ್ಲ, ಚಿಪ್ಪು ಗಟ್ಟಿಯಾಗಲ್ಲ.

ವಿದ್ಯಾನಗರ_ಟ್ಯಾಂಕ್

ಅಕ್ಕಾರ, ಫಿಲ್ಟರ್ ಬಿಚ್ಚಿದೆ. ನಂಬಲಿಕ್ಕಿಲ್ಲ ನೀವು. ಸ್ಪಂಜ್ ಅಲ್ಲಾಡಿಸಿದರೆ ಏಳೆಂಟು ಹೊರಗೆ ಬಂದವು! ಕೆಲವು ಅಕ್ಕಿ ಕಾಳಿನಷ್ಟು ಉದ್ದ, ಆಗಲೇ ಬೆನ್ನ ಮೇಲೆ ಕೆಂಪು ಬಂದಿದೆ. ನಮ್ಮವ್ವನೂ ಕನ್ನಡಕ ಹಾಕ್ಕೊಂಡು ಟಬ್ ಮುಂದೆ ಕೂತು ನೋಡಿದಳು. ಸದ್ಯಕ್ಕೆ ಒಂದು ಸ್ಟೀಲ್ ಡಬ್ಬಿಗೆ ಟ್ಯಾಂಕ್ ನೀರು ಹಾಕಿ ಬಿಟ್ಟಿದ್ದೀನಿ. ಇವನ್ನ ವಾಪಸ್ ಬಿಟ್ಟರೆ ಗಪ್ಪಿ ತಿನ್ನಲ್ವಾ?

ಸೊಳ್ಳೆ ಮಷೀನ್ ಹೌದ್ರಿ, ಟಿವಿ ಪಕ್ಕದ ಪ್ಲಗ್‌ನಲ್ಲೇ. ಸಂಜೆಯಾದರೆ ಆನ್. ಗಪ್ಪಿಗೆ ಏನೂ ಆಗಿಲ್ಲವಲ್ಲ?

ಇನ್ನೊಂದು, ಮೀನಿಗೆ ಬಿಳಿ ಚುಕ್ಕೆ ರೋಗ ಬಂದಾಗ ಹಾಕೋ ನೀಲಿ ಔಷಧಿ ಮನೆಯಲ್ಲಿದೆ. ಅದು ಹಾಕಬಹುದಾ ಸೀಗಡಿ ಇರುವಾಗ?

ರಾಣೆಬೆನ್ನೂರ_ರೇಷ್ಮಿ

ಮಧ್ಯೆ ಬಾಯಿ ಹಾಕ್ತೀನಿ. ಊಟದ ಬಗ್ಗೆ ಗೊತ್ತಿರೋದು ಹೇಳ್ತೀನಿ, ಉಳಿದದ್ದು ಅಕ್ಕಾರ ಹೇಳಲಿ. ನಮ್ಮ ಮನೆಯಲ್ಲಿ ರೇಷ್ಮೆ ಸಾಕ್ತಾರೆ. ಹಿಪ್ಪುನೇರಳೆ ಸೊಪ್ಪು ಸೀಗಡಿಗೆ ಬಹಳ ಇಷ್ಟ. ಎಲೆ ಒಂದೆರಡು ನಿಮಿಷ ಕುದಿಯೋ ನೀರಲ್ಲಿ ಅದ್ದಿ ತೆಗೆದು, ತಣ್ಣಗಾದ ಮೇಲೆ ಟ್ಯಾಂಕಿಗೆ ಹಾಕಿ. ಹಸಿದಾದರೆ ತೇಲುತ್ತದೆ, ಬೆಂದರೆ ತಳಕ್ಕೆ ಹೋಗುತ್ತದೆ. ಮಾರನೇ ದಿನ ನೋಡಿದರೆ ಹಸಿರೆಲ್ಲ ಕೆರೆದು ತಿಂದು, ಬರೀ ನರದ ಜಾಲ ಉಳಿಸಿರುತ್ತವೆ. ಅದು ನೋಡೋದೇ ಒಂದು ಮಜಾ.

ಸೊಪ್ಪು ಎಲ್ಲಿಂದ ತಂದಿರಿ ಅನ್ನೋದು ಮುಖ್ಯ. ರೇಷ್ಮೆ ಹುಳಕ್ಕೂ ಔಷಧಿ ಆಗಿ ಬರಲ್ಲ, ಹಾಗಾಗಿ ಹುಳಕ್ಕೆ ಹಾಕೋ ಎಲೆ ಸೀಗಡಿಗೂ ನಡೆಯುತ್ತದೆ. ಸಂತೆಯ ಪಾಲಕ್, ಕೋಸಿನ ಮೇಲೆ ಏನು ಹೊಡೆದಿರುತ್ತಾರೋ ಹೇಳೋಕಾಗಲ್ಲ. ಕುಂಡದಲ್ಲಿ ಬೆಳೆದ ಪಾಲಕ್ ಇದ್ದರೆ ಅದೇ ಸಾಕು. ಹಿಪ್ಪುನೇರಳೆ ಸಿಗಲಿಲ್ಲ ಅಂದರೆ ಕಾಡು ಬಾದಾಮಿ ಮರದ ಎಲೆ, ತಾನಾಗೇ ಒಣಗಿ ಕೆಂಪಾಗಿ ಉದುರಿದ್ದು. ತೊಳೆದು ಅರ್ಧ ಎಲೆ ಹಾಕಿದರೆ ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ. ಕೊಳೆಯುತ್ತಾ ಬಂದಂತೆ ಅದರ ಮೇಲೆ ಪದರ ಕಟ್ಟುತ್ತದೆ, ಮರಿಗಳಿಗೆ ಅದೇ ಊಟ. ದಾರಿ ಪಕ್ಕದ ಎಲೆ ಆರಿಸಬೇಡಿ, ಧೂಳು, ಡೀಸೆಲ್ ಹೊಗೆ ಎಲ್ಲ ಕೂತಿರುತ್ತದೆ.

ಸೌತೆಕಾಯಿ ಬಿಲ್ಲೆ ಹಾಕಿದರೂ ತಿನ್ನುತ್ತವೆ. ಬೆಳಿಗ್ಗೆ ಹಾಕಿದ್ದು ಸಂಜೆಯೊಳಗೆ ತೆಗೆಯಲೇಬೇಕು, ನಮ್ಮ ಕಡೆ ಸೆಖೆಗೆ ನೀರು ಬೇಗ ಹುಳಿ ನಾತ ಬರುತ್ತದೆ.

ಮಾಳಮಡ್ಡಿ_ಅಕ್ಕ

ಮೊದಲು ಆ ಮಷೀನ್ ಪ್ಲಗ್ ಕೀಳಿ, ಆಮೇಲೆ ಮುಂದಿನದು ಓದಿ.

ಸೊಳ್ಳೆ ದ್ರವ, ಮ್ಯಾಟ್, ಕಾಯಿಲ್ ಬಹುತೇಕ ಎಲ್ಲದರಲ್ಲೂ ಇರೋದು ಪೈರೆಥ್ರಾಯ್ಡ್ ಗುಂಪಿನ ವಿಷ. ಮನುಷ್ಯರಿಗೆ ಅಷ್ಟು ತೊಂದರೆ ಇಲ್ಲ, ಕೀಟಕ್ಕೆ ಸಾವು. ಸೀಗಡಿ ಕೀಟದ ಹತ್ತಿರದ ಬಳಗ. ಮೀನಿಗೂ ಅದು ಒಳ್ಳೇದಲ್ಲ, ಆದರೆ ಸೀಗಡಿ ಸಾಯೋಕೆ ಸಾಲುವಷ್ಟು ಪ್ರಮಾಣ ಅದಕ್ಕಿಂತ ಎಷ್ಟೋ ಕಡಿಮೆ. ಗಪ್ಪಿ ಚೆನ್ನಾಗಿದೆ ಅಂದರೆ ಸೀಗಡಿಗೂ ಪರವಾಗಿಲ್ಲ ಅಂತ ಲೆಕ್ಕ ಹಾಕಬೇಡಿ. ಏರ್ ಪಂಪ್ ಇದ್ದರೆ ಇನ್ನೂ ಕಷ್ಟ. ಅದು ಅದೇ ಕೋಣೆಯ ಗಾಳಿ ಎಳೆದು ಸೀದಾ ನೀರೊಳಗೆ ಗುಳ್ಳೆ ಬಿಡುತ್ತದೆ. ನಮ್ಮಲ್ಲಿ ಕಿಟಕಿಗೆ ಜಾಲರಿ ಹೊಡೆಸಿದೆವು, ಮಲಗೋ ಕೋಣೆಯಲ್ಲಿ ಸೊಳ್ಳೆ ಪರದೆ. ಹಾಲ್‌ನಲ್ಲಿ ಸಂಜೆ ಫ್ಯಾನ್ ಜೋರು ಮಾಡಿದರೆ ಸೊಳ್ಳೆ ಕೂರಲ್ಲ. ಮನೆಗೆ ಜಿರಳೆ ಸ್ಪ್ರೇ ಹೊಡೆಯೋರು ಬಂದರೆ ಟ್ಯಾಂಕ್ ಪೂರ್ತಿ ಮುಚ್ಚಿ, ಪಂಪ್ ಬೇರೆ ಕೋಣೆಗೆ ಒಯ್ದು ಉದ್ದ ಪೈಪ್ ಹಾಕಿ.

ನೀಲಿ ಔಷಧಿ ಬಾಟಲಿ ಮೇಲೆ ಏನು ಬರೆದಿದೆ ಓದಿ. ತಾಮ್ರ ಅಂತ ಇದ್ದರೆ ಆ ಟ್ಯಾಂಕಿಗೆ ಮುಟ್ಟಿಸಲೇಬೇಡಿ. ತಾಮ್ರ ಸೀಗಡಿ, ಬಸವನಹುಳಕ್ಕೆಲ್ಲ ವಿಷ. ಬಾಟಲಿ ಮೇಲೆ ಏನೂ ಬರೆದಿಲ್ಲ ಅಂದರೂ ಬೇಡ. ರೋಗದ ಮೀನನ್ನೇ ಬಕೆಟ್ಟಿಗೆ ತೆಗೆದು ಅಲ್ಲಿ ಔಷಧಿ ಮಾಡಿ. ತಾಮ್ರ ಅಂದಾಗ ನೆನಪಾಯಿತು, ನಮ್ಮ ಮನೆಗಳಲ್ಲಿ ಕುಡಿಯೋ ನೀರು ತಾಮ್ರದ ಕೊಡದಲ್ಲಿ ಇಡೋ ರೂಢಿ. ಈಗ ಕೆಲವು ಆರ್‌ಒ ಮಷೀನ್‌ಗಳೂ ತಾಮ್ರ ಸೇರಿಸಿ ಕೊಡುತ್ತವೆ. ಆ ನೀರು ನೀವು ಕುಡೀರಿ, ಸೀಗಡಿಗೆ ಹಾಕಬೇಡಿ.

ಡ್ರಮ್ ನೀರು ನಡೆಯುತ್ತದೆ. ತೆರೆದಿಟ್ಟು ಒಂದೆರಡು ದಿನ ಆಗಿದ್ದರೆ ಕ್ಲೋರಿನ್ ಹಾರಿಹೋಗಿರುತ್ತದೆ. ನೀರು ಬಂದ ದಿನವೇ ಹಾಕಬೇಡಿ. ಅವಸರ ಇದ್ದರೆ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಹರಳು ಸಿಗುತ್ತದೆ, ಅದು ಹಾಕಿ. ಡ್ರಮ್ಮಿಗೆ ಯಾರಾದರೂ ಬ್ಲೀಚಿಂಗ್ ಪೌಡರ್ ಹಾಕಿದ್ದಾರಾ ಅಂತ ಮನೆಯಲ್ಲಿ ಕೇಳಿಕೊಳ್ಳಿ. ಒಂದು ಸಲಕ್ಕೆ ಹತ್ತು ಲೀಟರ್ ಮೇಲೆ ಬದಲಾಯಿಸಬೇಡಿ, ಅರ್ಧಕ್ಕರ್ಧ ನೀರು ತೆಗೆದು ಹಾಕಿದರೆ ಎಲ್ಲಾ ಒಟ್ಟಿಗೇ ಪೊರೆ ಬಿಚ್ಚೋಕೆ ಹೋಗಿ ಸಾಯುತ್ತವೆ.

ಬೆಟಗೇರಿ ಅಣ್ಣಾರ, ನಿಮ್ಮ ಮಾತು ಒಪ್ಪಿದೆ. ಬೇರೆ ಡಬ್ಬಿಯಷ್ಟು ಸುಖ ಇಲ್ಲ. ಆದರೆ ಎಲ್ಲರ ಮನೆಯಲ್ಲೂ ಜಾಗ, ಅವ್ವ, ಕರೆಂಟ್ ಪ್ಲಗ್ ಮೂರೂ ಒಪ್ಪಬೇಕಲ್ಲ. ಮೀನಿರೋ ಟ್ಯಾಂಕಲ್ಲಿ ಮರಿ ನೂರಕ್ಕೆ ನೂರು ಉಳಿಯಲ್ಲ, ಉಳಿಯೋದೂ ಬೇಡ. ನೂರಕ್ಕೆ ನೂರು ಉಳಿದರೆ ಮುಂದಿನ ದೀಪಾವಳಿಗೆ ಎಲ್ಲಿ ಇಡ್ತೀರಿ? ಚೆರ್ರಿ ಎರಡು ಮೂರು ತಿಂಗಳಿಗೆ ದೊಡ್ಡದಾಗಿ ತಾನೂ ಮೊಟ್ಟೆ ಹಾಕುತ್ತದೆ. ಬದುಕೋದು ಒಂದೆರಡು ವರ್ಷ. ಸತ್ತಷ್ಟು ಹುಟ್ಟುತ್ತಾ ಇದ್ದರೆ ಸಾಕಲ್ವಾ?

ವಿದ್ಯಾನಗರದವರೇ, ಡಬ್ಬಿಯಲ್ಲಿರೋ ಮರಿ ಇವತ್ತೇ ವಾಪಸ್ ಬಿಡಬೇಡಿ. ಸ್ಟೀಲ್ ಡಬ್ಬಿ ಸಣ್ಣದಾಯಿತು. ಐದು ಲೀಟರ್ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಅದಕ್ಕೆ ಬಾದಾಮಿ ಎಲೆ ಚೂರು, ಮಾಸ್ ಸ್ವಲ್ಪ. ದಿನಾ ಒಂದು ಲೋಟ ನೀರು ತೆಗೆದು ಟ್ಯಾಂಕಿನ ನೀರು ಒಂದು ಲೋಟ ಹಾಕಿ. ಬೇರೆ ಊಟ ಏನೂ ಬೇಡ. ಅರ್ಧ ಇಂಚು ಆದ ಮೇಲೆ ಬಿಟ್ಟರೆ ಗಂಡು ಗಪ್ಪಿ ಬಾಯಿಗೆ ಹಿಡಿಯಲ್ಲ. ಅಷ್ಟರಲ್ಲಿ ಟ್ಯಾಂಕಲ್ಲಿ ಮಾಸ್ ಕಟ್ಟಿ, ಹಂಚಿನ ಗುಡ್ಡೆ ಮಾಡಿ, ಕೊಳವೆಗೆ ಸ್ಪಂಜ್ ಹಾಕಿರಿ. ಹೆಣ್ಣು ಗಪ್ಪಿ ಯಾರಿಗಾದರೂ ಕೊಡಿ. ಉಣಕಲ್ ಕೆರೆಗೆ ಬಿಡಬೇಡಿ, ಗಪ್ಪಿಯನ್ನೂ ಬೇಡ, ಸೀಗಡಿಯನ್ನೂ ಬೇಡ. ಅಲ್ಲಿಯ ಮೀನಿಗೆ ಇವು ಹೊರಗಿನವು. ಹಾಗೇ ಆ ಕೆರೆಯಿಂದ ಗಿಡವನ್ನೂ ತರಬೇಡಿ. ಏರೋಪ್ಲೇನ್ ಚಿಟ್ಟೆ ಮರಿಹುಳ ಅದರಲ್ಲಿ ಬರುತ್ತದೆ, ಸೀಗಡಿ ಹಿಡಿದು ತಿನ್ನೋದರಲ್ಲಿ ಯಾವ ಮೀನಿಗೂ ಕಡಿಮೆ ಇಲ್ಲ.

ಮುಂದೆ ಬೇಸಿಗೆ ಬರ್ತಿದೆ. 28 ಡಿಗ್ರಿ ದಾಟಿದರೆ ಚೆರ್ರಿಗೆ ಕಷ್ಟ ಶುರು, ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಏಪ್ರಿಲ್‌ನಲ್ಲಿ ಟ್ಯಾಂಕಿನ ಮುಚ್ಚಳ ತೆಗೆದು, ಸಣ್ಣ ಟೇಬಲ್ ಫ್ಯಾನ್ ನೀರಿನ ಮೇಲೆ ಗಾಳಿ ಬೀಸುವ ಹಾಗೆ ಇಡಿ. ಎರಡು ಮೂರು ಡಿಗ್ರಿ ಇಳಿಯುತ್ತದೆ. ನೀರು ಬೇಗ ಆರುತ್ತದೆ, ಆರಿದಷ್ಟನ್ನು ಆರ್‌ಒ ನೀರಿಂದ ತುಂಬಿಸಿ, ಡ್ರಮ್ ನೀರಿಂದ ತುಂಬಿಸುತ್ತಾ ಹೋದರೆ ಗಡಸು ಏರುತ್ತಾ ಹೋಗುತ್ತದೆ. ಕರೆಂಟ್ ಹೋದರೆ ಬ್ಯಾಟರಿ ಏರ್ ಪಂಪ್ ಒಂದಿರಲಿ. ಅದಕ್ಕೂ ಮೊದಲು ರಂಗಪಂಚಮಿ ಇದೆ, ಬಣ್ಣದ ಕೈ ಟ್ಯಾಂಕೊಳಗೆ ಹಾಕಬೇಡಿ ಅಂತ ಮನೆಯ ಹುಡುಗರಿಗೆ ಹೇಳಿಡಿ.

ವಿದ್ಯಾನಗರ_ಟ್ಯಾಂಕ್

ಮಷೀನ್ ಕಿತ್ತೆ ಅಕ್ಕಾರ. ಅವ್ವ ಬೈದಳು, ಆಮೇಲೆ ತಾನೇ ಅಟ್ಟದ ಮೇಲಿಂದ ಹಳೇ ಉಪ್ಪಿನಕಾಯಿ ಪ್ಲಾಸ್ಟಿಕ್ ಡಬ್ಬಿ ಇಳಿಸಿಕೊಟ್ಟಳು. ತೊಳೆದರೂ ವಾಸನೆ ಹೋಗ್ತಿಲ್ಲ. ಅದು ನಡೆಯುತ್ತಾ?

ಮಾಳಮಡ್ಡಿ_ಅಕ್ಕ

ನಡೆಯಲ್ಲ. ಉಪ್ಪು, ಖಾರ, ಎಣ್ಣೆ ಪ್ಲಾಸ್ಟಿಕ್ಕಿಗೆ ಹಿಡಿದಿರುತ್ತದೆ. ಕುಡಿಯೋ ನೀರಿನ ಐದು ಲೀಟರ್ ಕ್ಯಾನ್ ತಂದು ಮೇಲೆ ಕತ್ತರಿಸಿ.